ಬಾಗಿಲು ದಾಟಿದ ಮೇಲೆ

ಸ್ತ್ರೀಸ್ವಾತಂತ್ರ್ಯವನ್ನು ಕುರಿತ ಕಥೆಯೊಂದನ್ನು ಓದಿದೊಡನೆ ನಾಯಿಕೆ ಮನೆ ಬಿಟ್ಟು ಹೊರಟಳೆ ಎಂದು ಕೇಳುವುದು ನಮ್ಮ ತರಗತಿಗಳ ವಾಡಿಕೆ. ಹೊರಟರೆ ಆಧುನಿಕಳು, ಉಳಿದರೆ ಸಂಪ್ರದಾಯದ ಬಂದಿ. ಈ ಅಳತೆಗೋಲು ಎಷ್ಟು ಮೋಟಾದುದೆಂಬುದನ್ನು ಚೀನ ಮತ್ತು ಕೊರಿಯಗಳ ಹೊಸ ಸಾಹಿತ್ಯ ನನಗೆ ತೋರಿಸಿಕೊಟ್ಟಿದೆ.

1918ರಲ್ಲಿ ಚೀನದ ‘ನವಯೌವನ’ ಪತ್ರಿಕೆ ಇಬ್ಸೆನ್ ಸಂಚಿಕೆಯನ್ನು ಹೊರತಂದಿತು. ‘ಗೊಂಬೆಯ ಮನೆ’ಯ ನೋರಾ ಅಲ್ಲಿನ ತರುಣರಿಗೆ ಆದರ್ಶಳಾದಳು. ಆದರೆ ಗಂಡನ ಮನೆ ತೊರೆದ ನೋರಾ ಮುಂದೆ ಏನಾದಳು? 1923ರಲ್ಲಿ ಬೀಜಿಂಗಿನ ವಿದ್ಯಾರ್ಥಿನಿಯರ ಮುಂದೆ ಲೂ ಷುನ್ ಅವರು ಎತ್ತಿದ ಪ್ರಶ್ನೆ ಇದು. ಕೈಯಲ್ಲಿ ಹಣವಿಲ್ಲದವಳು ಕೆಡಬೇಕು, ಇಲ್ಲವೆ ಹಿಂದಿರುಗಬೇಕು ಎಂದು ಅವರು ನಿಷ್ಠುರವಾಗಿ ನುಡಿದರು.

ಎರಡು ವರ್ಷಗಳ ಅನಂತರ ಅವರು ಬರೆದ ‘ಗತಕ್ಕಾಗಿ ವಿಷಾದ’ ಎಂಬ ಕಥೆಯಲ್ಲಿ ಜಿಜುನ್ ತನ್ನ ಮೇಲೆ ಅನ್ಯರಿಗೆ ಅಧಿಕಾರವಿಲ್ಲವೆಂದು ಸಾರಿ ಪ್ರಿಯನೊಡನೆ ಸಂಸಾರ ಹೂಡುತ್ತಾಳೆ. ಅವನ ಕೆಲಸ ಹೋಗುತ್ತದೆ, ಒಲವೂ ಆರುತ್ತದೆ. ತಂದೆಯೊಡನೆ ಹಿಂದಿರುಗಿದ ಅವಳು ಸಾಯುತ್ತಾಳೆ. ಈ ಕಥೆಯನ್ನು ಹೇಳುವವನು ಆ ಪ್ರಿಯನೇ. ಅವನ ಪಶ್ಚಾತ್ತಾಪ ನಮಗೆ ತುಂಬ ಕೇಳಿಸುತ್ತದೆ. ಅವಳ ಅಂತರಂಗ ಮೌನವಾಗಿಯೇ ಉಳಿಯುತ್ತದೆ. ಆ ಮೌನವೇ ಕಥೆಯ ಮರ್ಮವೆಂದು ನನ್ನ ಎಣಿಕೆ.

ಆ ಮೌನವನ್ನು ಮುರಿದವರು ಲೇಖಕಿಯರು. 1928ರಲ್ಲಿ ಡಿಂಗ್ ಲಿಂಗ್ ಅವರು ಪ್ರಕಟಿಸಿದ ಕಥೆಯಲ್ಲಿ ಕ್ಷಯಪೀಡಿತಳಾದ ಸೋಫಿಯಾ ತನ್ನ ಬಯಕೆಯನ್ನೂ ತನ್ನ ಮೇಲಣ ಜುಗುಪ್ಸೆಯನ್ನೂ ತಾನೇ ದಿನಚರಿಯಲ್ಲಿ ಬರೆದುಕೊಳ್ಳುತ್ತಾಳೆ. ಅದಕ್ಕೂ ಮುಂಚೆ, 1918ರಲ್ಲಿಯೇ, ಕೊರಿಯದ ನಾ ಹ್ಯೆಸಾಕ್ ಅವರು ‘ಕ್ಯಾಂಗ್‌ಹೀ’ ಎಂಬ ಕಥೆಯನ್ನು ಪ್ರಕಟಿಸಿದ್ದರು. ಜಪಾನಿನಲ್ಲಿ ಓದುತ್ತಿರುವ ಈ ಹುಡುಗಿ ರಜೆಗೆಂದು ಮನೆಗೆ ಬರುತ್ತಾಳೆ. ಹೊಲಿಯುತ್ತಾಳೆ, ಅಡಿಗೆ ಮಾಡುತ್ತಾಳೆ, ಮನೆಯನ್ನು ಒಪ್ಪವಾಗಿಡುತ್ತಾಳೆ. ಓದಿದ ಹೆಣ್ಣು ಮನೆಗೆಲಸಕ್ಕೆ ಬಾರಳೆಂಬ ಮಾತು ಅಲ್ಲಿಗೆ ಮುಗಿಯುತ್ತದೆ. ತಂದೆ ಸಿರಿವಂತರ ಸಂಬಂಧ ತಂದಾಗ ಮಾತ್ರ ಒಲ್ಲೆನೆನ್ನುತ್ತಾಳೆ. ಒಲ್ಲೆನೆಂದ ಮೇಲೆ ಅವಳನ್ನು ಅಂಜಿಕೆ ಕವಿಯುತ್ತದೆ. ಹೆಣ್ಣೆಂಬುದಕ್ಕಿಂತ ಮೊದಲು ತಾನು ಮನುಷ್ಯಜೀವಿ ಎಂಬ ಅರಿವು ಆ ಅಂಜಿಕೆಯೊಳಗಿಂದಲೇ ಮೂಡುತ್ತದೆ. ಅವಳು ಇನ್ನೂ ಹೊಸಿಲು ದಾಟಿಲ್ಲ, ಆದರೂ ಸ್ವತಂತ್ರಳು.

ಲೂ ಷುನ್ ಅವರ ಎಚ್ಚರಿಕೆಯೂ ಸುಳ್ಳಾಗಲಿಲ್ಲ. ಚಿತ್ರಕಾರ್ತಿಯೂ ಆಗಿದ್ದ ನಾ ಹ್ಯೆಸಾಕ್ ಅವರು 1934ರಲ್ಲಿ ತಮ್ಮ ವಿವಾಹವಿಚ್ಛೇದನದ ವೃತ್ತಾಂತವನ್ನು ಬಹಿರಂಗವಾಗಿ ಬರೆದು, ಗಂಡಸಿಗಿಲ್ಲದ ಶೀಲದ ಕಟ್ಟು ಹೆಣ್ಣಿಗೇಕೆಂದು ಪ್ರಶ್ನಿಸಿದರು. ಸಮಾಜ ಅವರನ್ನು ದೂರವಿಟ್ಟಿತು. 1948ರಲ್ಲಿ ಸೋಲ್ ನಗರದ ಆಸ್ಪತ್ರೆಯೊಂದರಲ್ಲಿ ದಿಕ್ಕಿಲ್ಲದವರಂತೆ ತೀರಿಕೊಂಡರು.

ಆದುದರಿಂದ ಸಾಹಿತ್ಯಾಭ್ಯಾಸಿಗಳಲ್ಲಿ ನನ್ನದೊಂದು ಅರಿಕೆ. ಇಂಥ ಕಥೆಯನ್ನು ಓದುವಾಗ, ಅವಳ ಮಾತನ್ನು ಆಡುತ್ತಿರುವವರು ಯಾರು, ಅವಳ ಅನ್ನ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡೋಣ. ಬಾಗಿಲಿನ ಮಾತು ಆಮೇಲೆ.