ನೀರು ಬೇಡುವ ಪಾಠ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ವರುಷವರುಷವೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಮನೆಗಳ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟಿ ಮರಿಮಾಡುವುವು. ಊರವರು ಅವನ್ನು ಬಾಣಂತನಕ್ಕೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುವರು. ಗೂಡಿರುವ ಮರದ ಹುಣಿಸೆಹಣ್ಣಿನ ಆಸೆಯನ್ನು ಬಿಡುವರು. ಹಿಕ್ಕೆಯ ನಾತವನ್ನು ಸಹಿಸುವರು. ಅಷ್ಟೇ ಅಲ್ಲ, ಆ ಹಿಕ್ಕೆಯನ್ನೇ ಗೊಬ್ಬರವಾಗಿ ಹೊಲಕ್ಕೆ ಹಾಕಿ, ಅದರಿಂದ ಬೆಳೆದ ಅನ್ನವನ್ನು ಉಣ್ಣುವರು. ಹಕ್ಕಿಗೆ ಕೊಡುವುದೂ ಉಂಟು, ಹಕ್ಕಿಯಿಂದ ಕೊಳ್ಳುವುದೂ ಉಂಟು. ಅಲ್ಲಿಯ ಮಗುವಿಗೆ ಈ ನಂಟು ಪುಸ್ತಕದಿಂದ ಬಂದುದಲ್ಲ. ಹಿರಿಯರ ನಡೆಯನ್ನು ಕಂಡು ಬಂದುದು. ಮನುಷ್ಯನ ವಿಷಯದಲ್ಲಾದರೋ ನಾಡಿನ ಹಿರಿಯರು ನಡೆಯನ್ನು ಬಿಟ್ಟು ನುಡಿಯನ್ನು ಹಿಡಿದಿರುವರು. ಎಲ್ಲರೂ ಸಮಾನರೆಂದು ಹಲಗೆಯ ಮೇಲೆ ಬರೆಯುವರು. ನೀರಿನ ಬಿಂದಿಗೆಯನ್ನು ಬೇರೆ ಇಡುವರು.

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬುದು ಕ್ರೈಸ್ತಮತವು ಮಕ್ಕಳಿಗೆ ಕಲಿಸುವ ದೊಡ್ಡ ತತ್ತ್ವ. ಅದರಲ್ಲಿ ಬಿಳಿಯ ಕರಿಯನೆಂಬ ಭೇದವಿಲ್ಲ, ಕುಲದ ಹೆಸರಿಲ್ಲ. ಆದರೆ ಹಾಗಾದರೆ ಮಾಡಬೇಕಾದುದೇನೆಂದು ಮಗುವು ಕೇಳಿದಾಗ, ದೀನರಿಗೆ ದಾನಮಾಡು ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುವುದು. ಕೆಡುಕು ಮೊದಲಾಗುವುದು ಇಲ್ಲಿಯೇ. ಕೊಡುವವನ ಕೈ ಯಾವಾಗಲೂ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾನವನ್ನು ಮಾತ್ರ ಕಲಿತ ಮಗುವು ಮೇಲುಕೀಳನ್ನು ಮರೆಯುವುದಿಲ್ಲ. ಅದಕ್ಕೆ ಪುಣ್ಯದ ಬಣ್ಣವನ್ನು ಬಳಿಯುವುದು.

ಸತ್ಯವೇದದ ಕಥೆಗಳು ಹೇಳುವುದು ಬೇರೆ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆಯನ್ನಿಟ್ಟುಕೊಂಡಿರಲಿಲ್ಲ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ, ದಣಿದು ಬಾವಿಯ ಬಳಿ ಕುಳಿತ ಯೇಸುವು ಅಂತಹ ಸಮಾರ್ಯದ ಹೆಂಗಸೊಬ್ಬಳನ್ನು ಕುಡಿಯಲು ನೀರು ಬೇಡುವನು. ಉಪದೇಶ ಆಮೇಲೆ, ಮೊದಲು ಬೇಡಿಕೆ. ಲೂಕನ ಸುವಾರ್ತೆಯಲ್ಲಿ ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹಾಕಿದವನೂ ಸಮಾರ್ಯದವನೇ. ಆ ಕಥೆಯನ್ನು ದಾನದ ಕಥೆಯೆಂದು ಪಾಠಹೇಳುವವರು, ಅದರಲ್ಲಿ ಕೊಡುವವನೇ ಹೀನನೆನಿಸಿಕೊಂಡವನು ಎಂಬುದನ್ನು ಮರೆತೇಬಿಡುವರು.

ಇದು ಪರದೇಶದ ಪಾಠ, ನಮಗೇಕೆ ಎನ್ನುವ ಪಂಡಿತರುಂಟು. ಕಾಶಿಯಲ್ಲಿ ಶಂಕರಾಚಾರ್ಯರು ಚಂಡಾಲನ ಬಾಯಿಂದ ತತ್ತ್ವವನ್ನು ಕೇಳಿ ತಲೆಬಾಗಿದರೆಂಬ ಐತಿಹ್ಯವನ್ನು ಈ ಪಂಡಿತರೇ ಹೇಳುವರು. ಇದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ, ಉತ್ಸವಮೂರ್ತಿಯನ್ನು ತರಲು ನೆರವಾದವರಿಗೆ ರಾಮಾನುಜಾಚಾರ್ಯರು ತಿರುಕುಲದವರೆಂಬ ಹೆಸರಿತ್ತು ಆಲಯಪ್ರವೇಶವನ್ನು ಕೊಟ್ಟರೆಂಬುದೂ ಪ್ರಸಿದ್ಧವಾದುದೇ. ಆಚಾರ್ಯರು ಉಪಕಾರವನ್ನು ಸ್ವೀಕರಿಸಿದರು. ಹಿಂದೆ ಬಂದವರು ಆ ಪ್ರವೇಶವನ್ನು ವರುಷದಲ್ಲಿ ಕೆಲವೇ ದಿನಗಳ ದಾನವಾಗಿ ಮಾಡಿ ನಿಲ್ಲಿಸಿದರು. ಪಾಠವು ಪರದೇಶದ್ದಲ್ಲ, ಮನೆಯಲ್ಲೇ ಇದ್ದು ಮರೆತುದು.

ಮತ್ತೆ ಕೆಲವರು, ತಮಗೇನೋ ಭೇದವಿಲ್ಲ, ಆದರೆ ಮಿಕ್ಕವರು ಒಪ್ಪುವುದಿಲ್ಲ ಎನ್ನುವರು. ಈ ಮಾತಿನ ವಯಸ್ಸು ಎಷ್ಟೆಂಬುದನ್ನು ವಾಚಕರು ತಿಳಿಯಬೇಕು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಬೇಕೆಂದು ಮಹಾರ ಜಾತಿಯ ಹುಡುಗನೊಬ್ಬನು ಅರ್ಜಿಯಿತ್ತನು. ನ್ಯಾಯವು ಹುಡುಗನ ಕಡೆಗೇ ಇದೆಯೆಂದು ಮುಂಬಯಿ ಸರ್ಕಾರವು ಒಪ್ಪಿತು. ಆದರೆ ಅವನೊಬ್ಬನಿಗಾಗಿ ಶಾಲೆಯು ಮಿಕ್ಕವರಿಗೆ ನಿರುಪಯೋಗವಾಗುವುದೆಂದು ಹೇಳಿ ಅವನನ್ನು ಹೊರಗೇ ನಿಲ್ಲಿಸಿತು. ಮರುವರುಷ, 1857ರಲ್ಲಿ, ದಕ್ಷಿಣ ಆಫ್ರಿಕದ ಕೇಪಿನಲ್ಲಿ ಡಚ್ ಕ್ರೈಸ್ತಸಭೆಯ ಹಿರಿಯರು ನೆರೆದರು. ಕರಿಯರೂ ಬಿಳಿಯರೂ ಒಂದೇ ಸಭೆಯಲ್ಲಿ ಸೇರುವುದೇ ಶಾಸ್ತ್ರಸಮ್ಮತವೆಂದು ಅವರೂ ಒಪ್ಪಿದರು. ಆದರೆ ಕೆಲವರ ದೌರ್ಬಲ್ಯದ ನಿಮಿತ್ತ ಬೇರೆ ಕಟ್ಟಡದಲ್ಲಿ ಆರಾಧನೆ ನಡೆಯಬಹುದೆಂದು ಸಮ್ಮತಿಯಿತ್ತರು. 1881ರ ವೇಳೆಗೆ ಕಟ್ಟಡವು ಬೇರೆಯಾದುದು ಸಾಲದೆ ಸಭೆಯೇ ಬೇರೆಯಾಯಿತು. ಧಾರವಾಡದ ಅಧಿಕಾರಿಗೂ ಕೇಪಿನ ಪಾದ್ರಿಗೂ ಪರಿಚಯವಿಲ್ಲ. ನೆಪ ಮಾತ್ರ ಒಂದೇ. ನ್ಯಾಯವನ್ನು ಒಪ್ಪಿ ಅನ್ಯಾಯವನ್ನು ನಡೆಸುವವನಿಗಿಂತ, ನ್ಯಾಯವನ್ನೇ ಅರಿಯದವನು ಮೇಲಲ್ಲವೆ?

ಕ್ರೈಸ್ತಸಭೆಯು ಈ ದೇಶದಲ್ಲಿಯೂ ದೋಷಮುಕ್ತವಾಗಿಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು ಸಭೆಯೊಳಗೆ ಜಾತಿಭೇದ ಕೂಡದೆಂದು ವಿಧಿಸಿದಾಗ, ದಕ್ಷಿಣದ ಸಭೆಗಳಲ್ಲಿ ಅದನ್ನು ಎದುರಿಸಿ ನಿಂತವರು ಅನೇಕರು. ಜಾತಿಗೊಂದು ಸಾಲಿನಲ್ಲಿ ಕುಳಿತು, ಜಾತಿಗೊಂದು ಸ್ಮಶಾನವನ್ನು ಕಾಯ್ದುಕೊಂಡವರು ಮಕ್ಕಳಿಗೆ ಯಾವ ದೇವಸ್ವರೂಪವನ್ನು ತೋರಿಸಬಲ್ಲರು?

ಅಮೆರಿಕದ ಕ್ರೈಸ್ತಬೋಧಕ ಮಾರ್ಟಿನ್ ಲೂಥರ್ ಕಿಂಗರು 1959ರಲ್ಲಿ ಭಾರತಕ್ಕೆ ಬಂದಾಗ, ತಿರುವನಂತಪುರದಲ್ಲಿ ಹರಿಜನ ಮಕ್ಕಳು ಓದುವ ಶಾಲೆಗೆ ಹೋದರು. ಅಲ್ಲಿಯ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯಬಂಧುವೆಂದು ಮಕ್ಕಳಿಗೆ ಪರಿಚಯಮಾಡಿಕೊಟ್ಟರು. ಆ ಕ್ಷಣಕ್ಕೆ ಕಿಂಗರ ಮನಸ್ಸು ನೊಂದಿತು. ಬಳಿಕ ತಮ್ಮ ನಾಡಿನ ಕರಿಯರ ಬಾಳನ್ನು ನೆನೆದು, ಹೌದು, ತಾವೂ ಅಸ್ಪೃಶ್ಯರೇ ಎಂದು ಒಪ್ಪಿಕೊಂಡರು. ಇದನ್ನು 1965ರ ಉಪದೇಶವೊಂದರಲ್ಲಿ ಅವರೇ ಹೇಳಿದರು. ಕಲಿಸಲು ಬಂದವರು ಆ ಮಕ್ಕಳಿಂದ ತಮ್ಮ ಹೆಸರನ್ನು ಸ್ವೀಕರಿಸಿದರು.

ಇಂದು ಶಾಲೆಯ ಬಾಗಿಲು ಕಾನೂನಿನಂತೆ ಎಲ್ಲರಿಗೂ ತೆರೆದಿದೆ. ಆದರೂ ಬಿಸಿಯೂಟವನ್ನು ಬೇಯಿಸುವಾಕೆ ದಲಿತಳೆಂದು ಮಕ್ಕಳನ್ನು ಉಣ್ಣಗೊಡದ ತಂದೆತಾಯಿಗಳ ಸುದ್ದಿ ಈ ಕನ್ನಡನಾಡಿನಿಂದಲೇ ಬರುವುದುಂಟು. ಅವರು ಆಕೆಗೆ ಹಳೆಯ ಸೀರೆಯನ್ನು ಕೊಡಬಲ್ಲರು. ಆಕೆಯ ಕೈಯ ಅನ್ನವನ್ನು ಕೊಳ್ಳಲಾರರು. ದಾನದ ಪಾಠ ಮಾತ್ರ ಕಲಿತವರ ಗತಿ ಇದು.

ಆದುದರಿಂದ ಉಪಾಧ್ಯಾಯನಾಗಲಿ ಪಾದ್ರಿಯಾಗಲಿ ಮಕ್ಕಳಿಗೆ ಮನುಷ್ಯನ ಬೆಲೆಯನ್ನು ಕಲಿಸಬೇಕೆಂದರೆ, ಯಾವ ಮಗುವನ್ನೂ ಎತ್ತಿ ತೋರಿಸದೆ, ತಾನೇ ಮೊದಲು ಎಲ್ಲರ ಬಿಂದಿಗೆಯಿಂದ ನೀರು ಕುಡಿಯಲಿ. ಆ ಅಡುಗೆಯಾಕೆಯನ್ನು ಮೊದಲ ತುತ್ತಿಗಾಗಿ ಕೈಯೊಡ್ಡಿ ಬೇಡಲಿ. ಸಮಾರ್ಯದ ಕಥೆಯನ್ನು ಉಂಡು ಕೈತೊಳೆದ ಮೇಲೆ ಹೇಳಬಹುದು. ಹಕ್ಕಿಯ ಹಿಕ್ಕೆಯಿಂದ ಬೆಳೆದ ಅನ್ನವನ್ನು ಹೇಸದೆ ಉಣ್ಣುವ ನಾಡಿನ ಮಗುವಿಗೆ ಆ ಕಥೆಯು ಅರ್ಥವಾಗದೆ ಹೋಗದು.