ಲಿಫ್ಟ್ ಕಿಟ್ ಆಮೇಲೆ, ಮೊದಲು ಹಿಂದಿನ ಸೀಟು

ಹಾಸ್ಟೆಲ್‌ನಲ್ಲಿ ಹಳೇ ಜೀಪಿನ ಮಾತು ಬಂದ್ರೆ ಸಾಕು, ದೊಡ್ಡ ಟೈರು, ಲಿಫ್ಟ್ ಕಿಟ್, ಎಲ್‌ಇಡಿ ಬಾರ್, ಕಬ್ಬಿಣದ ಬಂಪರ್ ಅಂತ ಶುರುವಾಗುತ್ತೆ. ಹಿಂದಿನ ಬೆಂಚಿನಲ್ಲಿ ಕೂತವರ ಸೊಂಟದ ಕಥೆ ಏನು ಅಂತ ಯಾರೂ ಕೇಳಲ್ಲ. ನನ್ನ ಅಭಿಪ್ರಾಯ ಇಷ್ಟೇ: ಹಳೇ ಜೀಪಿಗೆ ಎಂಜಿನಿಯರ್ ಆದವನು ಮಾಡಬೇಕಾದ ಮೊದಲ ಕೆಲಸ ಅದನ್ನ ಎತ್ತರ ಮಾಡೋದಲ್ಲ, ಕುಲುಕಾಟ ಕಡಿಮೆ ಮಾಡೋದು.

ನಮ್ಮ ಮಲ್ಲಟದ ಕಡೆಗೆ ಬಂದು ನೋಡಿ. ಮಾನ್ವಿ, ದೇವದುರ್ಗದ ಕಡೆಯ ಎರೆಹೊಲದ ದಾರಿ ಮಳೆಗಾಲದಲ್ಲಿ ಕೆಸರು. ಆಗ ಟ್ರ್ಯಾಕ್ಟರ್ ಕೊರೆದ ಜಾಡು ಮಳೆ ನಿಂತ ಮೇಲೆ ಒಣಗಿ ಕಲ್ಲಿನಂತಾಗುತ್ತೆ. ಹತ್ತಿ ಬಿಡಿಸೋದಕ್ಕೆ ಹೋಗುವ ಹೆಣ್ಣುಮಕ್ಕಳು, ಸಂತೆಗೆ ಹೊರಟ ಮುದುಕರು, ಒಮ್ಮೊಮ್ಮೆ ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲರೂ ಇದೇ ದಾರಿಯಲ್ಲಿ ಹೋಗಬೇಕು. ನಮಗೆ ಆಫ್‌ರೋಡಿಂಗ್ ಭಾನುವಾರದ ಖುಷಿ. ಅವರಿಗೆ ಅದು ದಿನದ ಪ್ರಯಾಣ.

ಈ ಗಾಡಿಗಳ ಮೂಲ ಮಿಲಿಟರಿ ಜೀಪು. ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪು ಜೋಡಿಸೋಕೆ ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಆ ವಂಶದ ಸಿಜೆ-3ಬಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಮುಂದೆ ಹಿಂದೆ ಗಟ್ಟಿ ಆಕ್ಸಲ್, ವ್ಹೀಲ್‌ಬೇಸ್ ಬರೀ 80 ಇಂಚು. ಭಾರ ಹೊರೋದಕ್ಕೆ ಮಾಡಿದ ಸ್ಪ್ರಿಂಗ್ ಅದು, ಖಾಲಿ ಇದ್ದಾಗ ಒದೆಯುತ್ತೆ. ಸಾಲದ್ದಕ್ಕೆ ಹೆಚ್ಚು ಲೋಡ್ ತಡೀಲಿ ಅಂತ ಇನ್ನೂ ಒಂದೆರಡು ಪ್ಲೇಟ್ ಸೇರಿಸಿರ್ತಾರೆ.

ಒದೆತ ಎಷ್ಟು ಅಂತ ಅಳೆಯೋದು ಕಷ್ಟವಲ್ಲ. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಇರುವ ಅಂತರ ಟೇಪಿನಲ್ಲಿ ಅಳೆಯಿರಿ. ಆಮೇಲೆ ಒಟ್ಟು 240 ಕೆ.ಜಿ. ತೂಗುವ ನಾಲ್ಕು ಜನರನ್ನು ಆಕ್ಸಲ್ ಮೇಲೆಯೇ ಬರುವಂತೆ ಕೂರಿಸಿ. ಗಾಡಿ 20 ಮಿ.ಮೀ. ಇಳಿದರೆ ಎರಡೂ ಸ್ಪ್ರಿಂಗ್ ಸೇರಿ ಗಡಸುತನ ಮಿ.ಮೀ.ಗೆ ಸುಮಾರು 118 ನ್ಯೂಟನ್. ಖಾಲಿ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗ್ ಹೊರುವ ತೂಕ 500 ಕೆ.ಜಿ. ಅಂತಿಟ್ಟುಕೊಂಡರೆ ಸಹಜ ಆವರ್ತನ ಸುಮಾರು 2.4 ಹರ್ಟ್ಜ್. ಆರಾಮದ ಕಾರುಗಳಲ್ಲಿ ಇದು 1ರಿಂದ 1.5ರ ಆಸುಪಾಸು. ಮನುಷ್ಯನ ದೇಹ ಮೇಲೆ-ಕೆಳಗಿನ ಕುಲುಕಾಟಕ್ಕೆ ಅತಿ ಹೆಚ್ಚು ಸ್ಪಂದಿಸೋದು 4ರಿಂದ 8 ಹರ್ಟ್ಜ್ ನಡುವೆ. ಐಎಸ್ಒ 2631 ಮಾನದಂಡ ಹೆಚ್ಚು ತೂಕ ಕೊಡೋದೂ ಅಲ್ಲಿಗೇ. ಸ್ಪ್ರಿಂಗ್ ಗಡಸಾದಷ್ಟೂ ಆ ವಲಯದ ಕುಲುಕಾಟ ಸೋಸದೆ ನೇರ ಬೆನ್ನುಮೂಳೆಗೆ ಬರುತ್ತೆ.

ಹಂಗಾದ್ರೆ ಏನು ಮಾಡೋದು? ಖರ್ಚು ಕಡಿಮೆ ಇರುವುದರಿಂದ ಶುರುಮಾಡಿ. ಮೊದಲು ಟೈರಿನ ಗಾಳಿ. ಕಂಪನಿ ಹೇಳಿದ ಅಳತೆಗಿಂತ ಹೆಚ್ಚು ತುಂಬಿದ್ದರೆ ಆ ಅಳತೆಗೆ ಇಳಿಸಿ. ಎರಡನೆಯದು ತುಕ್ಕು. ಪ್ಲೇಟುಗಳ ನಡುವೆ ತುಕ್ಕು ಕೂತರೆ ಸ್ಪ್ರಿಂಗ್ ಹಿಡಿದುಕೊಂಡುಬಿಡುತ್ತೆ, ಸಣ್ಣ ಗುಂಡಿಗೆ ಅಲುಗೋದೇ ಇಲ್ಲ. ಆಗ ಗಾಡಿಗೆ ಉಳಿದ ಸ್ಪ್ರಿಂಗ್ ಅಂದ್ರೆ ಟೈರು ಮಾತ್ರ. ಪ್ಲೇಟ್ ಬಿಚ್ಚಿಸಿ, ತಂತಿ ಬ್ರಶ್ಶಿನಿಂದ ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ, ಯೂ-ಬೋಲ್ಟ್ ಸರಿಯಾದ ಟಾರ್ಕ್‌ಗೆ ಬಿಗಿಸಿ. ಶ್ಯಾಕಲ್ ಸಲೀಸಾಗಿ ತೂಗುತ್ತಾ, ಬುಶ್ ಸವೆದಿದೆಯಾ ಅಂತಲೂ ಆಗಲೇ ನೋಡಿ. ಮೂರನೆಯದು ಶಾಕಪ್. ಎಣ್ಣೆ ಸೋರಿದ ಶಾಕಪ್ ಬರೀ ಕಬ್ಬಿಣದ ಕೊಳವೆ, ಅದನ್ನು ಬದಲಿಸಲೇಬೇಕು.

ಇಷ್ಟಾದ ಮೇಲೂ ಸಾಲದಿದ್ದರೆ ಪ್ಲೇಟಿನ ಲೆಕ್ಕಕ್ಕೆ ಬನ್ನಿ. ಉದ್ದ, ಅಗಲ ಅಷ್ಟೇ ಇದ್ದರೆ ಗಡಸುತನ ಪ್ಲೇಟಿನ ದಪ್ಪದ ಘನಕ್ಕೆ, ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಇರುತ್ತೆ. 8 ಮಿ.ಮೀ.ನ 6 ಪ್ಲೇಟಿನ ಬದಲು 6 ಮಿ.ಮೀ.ನ 10 ಪ್ಲೇಟ್ ಹಾಕಿದರೆ ಗಡಸುತನ ಸುಮಾರು ಶೇ. 30 ಇಳಿಯುತ್ತೆ, ಬಲ ಇಳಿಯೋದು ಶೇ. 6 ಮಾತ್ರ. ಮೆತ್ತಗೆ ಮಾಡಿದರೆ ಲೋಡ್ ತಡೆಯಲ್ಲ ಅನ್ನೋರಿಗೆ ಉತ್ತರ ಇಲ್ಲಿದೆ. ಆದರೆ ಲೋಡ್ ಹಾಕಿದಾಗ ಗಾಡಿ ಮೊದಲಿಗಿಂತ ಹೆಚ್ಚು ಕುಸಿಯುತ್ತೆ, ಆಕ್ಸಲ್ ಬಂಪ್ ಸ್ಟಾಪ್‌ಗೆ ಬಡಿಯದ ಹಾಗೆ ಜಾಗ ಇದೆಯಾ ಅಂತ ಅಳೆದೇ ಮುಂದುವರಿಯಬೇಕು. ಕಾನೂನನ್ನೂ ಮರೆಯಬೇಡಿ: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ತುಕ್ಕು ಉಜ್ಜೋದಕ್ಕೆ, ಗ್ರೀಸ್ ಹಚ್ಚೋದಕ್ಕೆ ಮಾತ್ರ ಯಾವ ಅನುಮತಿಯೂ ಬೇಡ.

ಸೀಟಿನ ಜಾಗವೂ ಮುಖ್ಯ. ಹಿಂದಿನ ಬೆಂಚು ಇರೋದು ಆಕ್ಸಲ್ ನೆತ್ತಿಯ ಮೇಲೆ. ಗಾಡಿ ತೂಗಿದಾಗ ನಡುವೆ ಕೂತ ಡ್ರೈವರ್‌ಗಿಂತ ಅಲ್ಲಿ ಕೂತವರಿಗೇ ಹೆಚ್ಚು ಏಟು. ಅದಕ್ಕೇ "ಗಾಡಿ ಆರಾಮೈತ್ರಿ" ಅಂತ ಡ್ರೈವರ್ ಹೇಳಿದ್ದನ್ನೇ ಅಂತಿಮ ತೀರ್ಪು ಅನ್ನಬೇಡಿ.

ರಸ್ತೆ ಸರಿಯಾದರೆ ಇದೆಲ್ಲ ಬೇಕಾಗಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೀನಿ, ರಸ್ತೆ ಕೇಳಲೇಬೇಕು. ಆದರೆ ಡಾಂಬರು ಊರಿನವರೆಗೆ ಬರಬಹುದು, ಪ್ರತಿ ಹೊಲದ ತನಕ ಬರಲ್ಲ. ಹತ್ತಿ ಬಿಡಿಸೋ ಕೆಲಸ ಇರೋದು ಹೊಲದಲ್ಲಿ.

ಮೆಕ್ಯಾನಿಕಲ್ ಗೆಳೆಯರಿಗೆ ಒಂದು ಮಾತು. ಪ್ರಾಜೆಕ್ಟ್ ಸಮಯ ಬಂದಾಗ ರೆಡಿಮೇಡ್ ಮಾಡೆಲ್ ಕೊಳ್ಳೋ ಬದಲು ಒಂದು ಹಳೇ ಜೀಪು ಹುಡುಕಿ. ಫೋನಿನಲ್ಲಿರೋ ಆಕ್ಸಲರೋಮೀಟರ್ ಸಾಕು, ಫೈಫಾಕ್ಸ್ ಆ್ಯಪ್ ಪುಕ್ಕಟೆ ಸಿಗುತ್ತೆ. ಫೋನನ್ನು ಹಿಂದಿನ ಬೆಂಚಿಗೆ ಗಟ್ಟಿಯಾಗಿ ಕಟ್ಟಿ, ಅದೇ ದಾರಿ, ಅದೇ ವೇಗ, ಅದೇ ಲೋಡ್ ಇಟ್ಟುಕೊಂಡು ರಿಪೇರಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಓಡಿಸಿ. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟರೆ ವೈವಾದಲ್ಲಿ ಯಾರಿಗೂ ಹೆದರಬೇಕಿಲ್ಲ. ಆ ಬೆಂಚಿನ ಮೇಲೆ ನಾಳೆ ಹೊಲಕ್ಕೆ ಹೋಗುವವರಿಗೆ ಗ್ರಾಫ್ ತೋರಿಸೋದೇ ಬೇಡ, ಸಂಜೆ ಇಳಿಯುವಾಗ ಅವರ ಸೊಂಟಕ್ಕೇ ಗೊತ್ತಾಗುತ್ತೆ.