ಪೌತಿ ಖಾತೆಯ ಸುತ್ತ ಒಂದು ನಗು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಯಾವ ಊರಿನ ಅರಳಿಕಟ್ಟೆಯ ಮೇಲೆ ಕೂತರೂ ತಾತನ ಹೆಸರಲ್ಲೇ ಉಳಿದುಹೋದ ಪಹಣಿಯ ಮಾತು ಬಂದೇ ಬರುತ್ತದೆ. ತಾತ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ, ಹೊಲ ಉಳುವವರು ಮೊಮ್ಮಕ್ಕಳು, ದಾಖಲೆಯಲ್ಲಿ ಮಾತ್ರ ಯಜಮಾನ ಇನ್ನೂ ತಾತನೇ. ಪೌತಿ ಖಾತೆ ಮಾಡಿಸಲು ಹೊರಟರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಬರಬೇಕು. ರಾಗಿ, ಸೊಗಡವರೆ ಬೆಳೆಯುವ ನೆಲದ ಮೇಲೆ ಬೆಂಗಳೂರಿನ ದುಡ್ಡಿನ ಕಣ್ಣು ಬಿದ್ದ ಮೇಲಂತೂ ಒಡಹುಟ್ಟಿದವರ ನಡುವೆ ಮಾತೇ ನಿಂತುಹೋದ ಮನೆಗಳಿವೆ. ಮನೆಮನೆಯ ಈ ಸಂಕಟವನ್ನೇ ಹಿಡಿದು ನಗಿಸುವ ಒಂದು ಚಿತ್ರ ಪಕ್ಕದ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿತು. ಈ ಸಂಚಿಕೆಯ ಮಾತು ಅದರ ಬಗ್ಗೆ.

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಮರುವರ್ಷದ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರೀಯ ಪ್ರಶಸ್ತಿಯೂ ಅದಕ್ಕೆ ಸಂದಿತು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತ ಕೂತಿದ್ದವನು, ಎದ್ದು ನಾಲ್ಕು ಹೆಜ್ಜೆ ಹೋಗಿ ಕುಸಿದು ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿಯ ತನಕ ಮಗ, ಮೊಮ್ಮಗ, ಮರಿಮಗ ಮೂವರ ಪಾಡೇ ಕಥೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರಬೇಕು. ನ್ಯಾಯವಾಗಿ ಅದು ಬರಬೇಕಾದದ್ದು ಅವನ ಅಪ್ಪ ಗಡ್ಡಪ್ಪನಿಗೆ. ಗಡ್ಡಪ್ಪನಿಗೋ ಜಮೀನೂ ಬೇಡ, ಮನೆಯೂ ಬೇಡ. ಬೀಡಿ ಸೇದುತ್ತ, ಬ್ರಾಂದಿ ಗುಟುಕರಿಸುತ್ತ ಹೊಲದ ಬದುಗಳ ಮೇಲೆ ಓಡಾಡಿಕೊಂಡಿದ್ದರೆ ಸಾಕು. ಕೊನೆಗೆ ತಮ್ಮಣ್ಣ ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. ಸುಳ್ಳು ಮರಣ ಪ್ರಮಾಣಪತ್ರ ಮಾಡಿಸಿ, ಊರೂರು ಸುತ್ತಿಕೊಂಡು ಬಾ ಎಂದು ಅಪ್ಪನ ಕೈಗೆ ದುಡ್ಡು ಕೊಟ್ಟು ಕಳಿಸುತ್ತಾನೆ.

ಇದನ್ನು ನೋಡಿ ನಗುವಾಗ ನಾವು ತಮ್ಮಣ್ಣನನ್ನು ಕೆಟ್ಟವನೆಂದು ಎತ್ತಿ ಆಚೆ ಇಡುವುದಿಲ್ಲ. ಸಾಲ ತಂದು, ದಲ್ಲಾಳಿಯ ಹಿಂದೆ ಅಲೆದು, ಊರಿಗೆಲ್ಲ ಬಾಡೂಟ ಹಾಕಬೇಕಾದವನು ಅವನೊಬ್ಬನೇ. ಅವನ ಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಬಿದ್ದಿದ್ದಾನೆ, ಅಪ್ಪ ಲೋಕದ ಗೊಡವೆಯನ್ನೇ ಬಿಟ್ಟಿದ್ದಾನೆ. ನಡುವಿನವನ ಹೆಗಲ ಮೇಲೆ ಮನೆಯ ಭಾರವೆಲ್ಲ ಬಿದ್ದಿದೆ. ಬಡತನ ಸುಂದರವೆಂದು ಚಿತ್ರ ಹೇಳುವುದಿಲ್ಲ, ಬಡವರೆಲ್ಲ ಸಾಧುಗಳೆಂದೂ ಹೇಳುವುದಿಲ್ಲ. ಅದರ ನಗುವಿನ ಹೆಚ್ಚುಗಾರಿಕೆ ಇರುವುದು ಇಲ್ಲೇ ಎಂದು ನನ್ನ ಎಣಿಕೆ. ಊರು ಬಿಟ್ಟ ಗಡ್ಡಪ್ಪ ಕುರಿಮಂದೆಯವರ ಜೊತೆ ಸೇರಿಕೊಂಡು, ಒಂದು ರಾತ್ರಿ ಬೆಂಕಿಯ ಮುಂದೆ ಕೂತು ತನ್ನ ಹೆಂಡತಿಯ ಮತ್ತು ತನ್ನ ಅಪ್ಪನ ಹಳೆಯ ಸಂಗತಿ ಹೇಳುತ್ತಾನೆ. ದನಿ ಏರುವುದಿಲ್ಲ, ಅಳು ಬರುವುದಿಲ್ಲ, ಹಿನ್ನೆಲೆಯಲ್ಲಿ ವಾದ್ಯ ಮೊಳಗುವುದಿಲ್ಲ. ಅಲ್ಲಿಯವರೆಗೆ ನಕ್ಕವರಿಗೆ ಆ ಮನುಷ್ಯ ಮನೆಗೆ ಯಾಕೆ ಬೆನ್ನು ಹಾಕಿದ ಎಂಬುದು ಆಗ ತಿಳಿಯುತ್ತದೆ. ಕನ್ನಡ ಸಿನಿಮಾದಲ್ಲಿ ನಾನು ಕಂಡ ದೊಡ್ಡ ದೃಶ್ಯಗಳಲ್ಲಿ ಇದೂ ಒಂದು.

ಗಡ್ಡಪ್ಪನಾಗಿ ನಿಂತ ಚನ್ನೇಗೌಡರು, ಸೆಂಚುರಿ ಗೌಡನಾದ ಸಿಂಗ್ರಿಗೌಡರು, ತಮ್ಮಣ್ಣನಾದ ತಮ್ಮೇಗೌಡರು, ಯಾರೂ ನಟನೆ ಕಲಿತವರಲ್ಲ, ಮಂಡ್ಯ ಸೀಮೆಯ ಹಳ್ಳಿಯವರು. ನಿರ್ದೇಶಕರ ಜೊತೆ ಕೂತು ಚಿತ್ರಕಥೆ ಬರೆದ ಈರೇಗೌಡರು ಚಿತ್ರೀಕರಣ ನಡೆದ ನೊದೆಕೊಪ್ಪಲಿನವರೇ. ಅವರು ಮುಂದೆ ‘ಬಳೆಕೆಂಪ’ ನಿರ್ದೇಶಿಸಿ 2018ರ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆದರು. ಪಹಣಿ, ಬಡ್ಡಿ, ಬಾಡೂಟದ ಲೆಕ್ಕ ಗೊತ್ತಿರುವವರು ಬರೆಯಲು ಕೂತದ್ದರಿಂದಲೇ ‘ತಿಥಿ’ಯ ಮಾತಿಗೆ ಆ ಹದ ಬಂತು.

ಕಚೇರಿ ಕಾಗದಕ್ಕೆ ಸಿಕ್ಕಿ ಒದ್ದಾಡುವ ಸಂಸಾರ ನಮ್ಮ ತೆರೆಗೆ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ತಬರನ ಕಥೆ’ 34ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಸ್ವರ್ಣಕಮಲ ಗೆದ್ದ ಚಿತ್ರ. ಅಲ್ಲಿ ಪಿಂಚಣಿಗೆ ಅಲೆಯುವ ತಬರ ಕಾಗದದ ಮುಂದೆ ಸೋತುಹೋಗುತ್ತಾನೆ. ‘ತಿಥಿ’ಯ ತಮ್ಮಣ್ಣ ಆ ಕಾಗದವನ್ನೇ ಕೊಂಡುಕೊಳ್ಳಲು ಹೊರಡುತ್ತಾನೆ. ಹಳ್ಳಿಯವನು ಜಾಣನಾದ, ಆದರೆ ಅವನ ಕಷ್ಟ ಕಡಿಮೆಯಾಗಲಿಲ್ಲ.

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, 2024ರ ಜೂನ್‌ನಲ್ಲಿ ಇಲ್ಲಿ ಬಿಡುಗಡೆಯಾದ ಚಿತ್ರ ಇದು. ಕೊಪ್ಪಳ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಮ್ಮನಿಗೆ ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಕೂಡಿಟ್ಟ ದುಡ್ಡನ್ನು ಅವಳು ಚೈನ್ ಲಿಂಕ್ ವ್ಯಾಪಾರದ ಆರೋಗ್ಯ ಪೇಯಕ್ಕೆ ಸುರಿದು, ಮನೆಮನೆ ತಿರುಗಿ ಮಾರಲು ನಿಲ್ಲುತ್ತಾಳೆ. ಶರಣಮ್ಮ ಚಟ್ಟಿ ಅವರ ಶಿವಮ್ಮನ ಹಟ ನಗಿಸುತ್ತದೆ. ಅವಳ ನಂಬಿಕೆಯನ್ನು ಚಿತ್ರ ಎಲ್ಲಿಯೂ ಹೀಗಳೆಯುವುದಿಲ್ಲ. ಸಂಘದ ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲೂ ಇದ್ದಾರೆ. ಇಂಥ ಸಾಲಗಳ ವಸೂಲಿಯ ಕಿರುಕುಳ ಮಿತಿಮೀರಿ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಹೆಣ್ಣುಮಕ್ಕಳು ಶಿವಮ್ಮನನ್ನು ನೋಡಿದರೆ ಮೈಲಿ ದೂರದ ಹೆಂಗಸೆಂದು ಅನ್ನಿಸಲಾರದು.

ಆದರೆ ನೋಡುವುದು ಎಲ್ಲಿ? ಲೊಕಾರ್ನೊ, ಬುಸಾನ್ ಕಂಡ ಕನ್ನಡ ಚಿತ್ರಗಳು ಹೋಬಳಿಗಳಿಗೆ ಬರುವ ದಾರಿಯೇ ಇಲ್ಲ. ದೊಡ್ಡ ಊರುಗಳಲ್ಲೂ ಅವು ಹೆಚ್ಚು ದಿನ ನಿಲ್ಲುವುದಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ಪ್ರತಿ ಹೋಬಳಿ ಕೇಂದ್ರದಲ್ಲಿ ವರ್ಷಕ್ಕೆ ನಾಲ್ಕಾದರೂ ಇಂಥ ಚಿತ್ರಗಳನ್ನು ತೋರಿಸಲಿ. ಪ್ರೊಜೆಕ್ಟರು, ಬಿಳಿ ಪರದೆ, ಶಾಲೆಯ ಅಂಗಳ ಇದ್ದರೆ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳೂ ಯುವಕ ಸಂಘಗಳೂ ಕೈಜೋಡಿಸಿದರೆ ಖರ್ಚು ದೊಡ್ಡದಲ್ಲ.

ತಿಪ್ಪಸಂದ್ರದ ಕಡೆಯ ಓದುಗರಲ್ಲಿ ಇನ್ನೊಂದು ಕೇಳಿಕೆ. ನಾಡಕಚೇರಿಯ ಸಾಲಿನಲ್ಲಿ ನಿಂತವರು, ಪಾಲು ಪಂಚಾಯಿತಿಯಲ್ಲಿ ಕೂತವರು, ಒಡವೆ ಅಡವಿಟ್ಟು ಮಗಳ ಮದುವೆ ಮಾಡಿದವರು ನಿಮ್ಮ ಮನೆಯಲ್ಲೇ ಇದ್ದಾರೆ. ಅವರು ಆಡುವ ಮಾತಿನಲ್ಲೇ ಆ ಕಥೆಗಳನ್ನು ಬರೆಯಿರಿ. ಸಣ್ಣಕಥೆಯೋ ಚಿತ್ರಕಥೆಯೋ, ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅವಕ್ಕಾಗಿ ಪುಟಗಳನ್ನು ಮೀಸಲಿಡುತ್ತೇವೆ.